ನಾಲ್ಕು ಊರಿನ ಗಾಳಿ, ನನ್ನ ಜಡೆ

ಸವದತ್ತಿಯ ನಮ್ಮ ಮನೆಯಲ್ಲಿ ಹೆಂಗಸರ ತಲೆಗೆ ಮೂರು ಕಾನೂನುಗಳಿದ್ದವು. ಮೂರನ್ನೂ ಮಾಡಿದವರು ನಮ್ಮ ಅತ್ತೆ. ಮುತ್ತೈದೆಯ ಕೂದಲಿಗೆ ಕತ್ತರಿ ತಾಗಬಾರದು. ಎಣ್ಣೆ ಕಾಣದ ಒಣ ಕೂದಲು ಮನೆಯಲ್ಲಿ ಇರಬಾರದು, ಅದು ಸಾವಿನ ಮನೆಯ ಲಕ್ಷಣ. ಪರಗಂಡಸರ ಮುಂದೆ ತಲೆಯ ಮೇಲಿನ ಸೆರಗು ಜಾರಬಾರದು. ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ಈ ಮೂರೂ ಮುರಿದು ಬಿದ್ದವು. ಮೊದಲ ಎರಡನ್ನು ಮುರಿದವಳು ನಾನು. ಮೂರನೆಯದನ್ನು ಯಾರು ಮುರಿದರು ಎಂದು ಹೇಳುವುದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನಾನು ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ ಸವದತ್ತಿಗೆ ಬಂದು, ಕಲಿತ ಭೌತಶಾಸ್ತ್ರವನ್ನೆಲ್ಲ ಸಾರಿನ ಹಬೆಯಲ್ಲಿ ಕಳೆದುಕೊಳ್ಳುತ್ತ ಕೂತಿದ್ದೆ. ನನ್ನ ಗಂಡ ಹೈಸ್ಕೂಲಿನಲ್ಲಿ ಮಾಸ್ತರರು. ಒಳ್ಳೆಯ ಮನುಷ್ಯ, ಆದರೆ ತಾಯಿ ಮತ್ತು ಹೆಂಡತಿಯ ನಡುವೆ ಮಾತು ಬೆಳೆದರೆ ಪೇಪರು ಹಿಡಿದು ಅಂಗಳಕ್ಕೆ ಹೋಗಿಬಿಡುವವರು. ಅಂಥ ದಿನಗಳಲ್ಲಿ ನನಗೊಂದು ನೌಕರಿ ಬಂತು. ಗುಡ್ಡದ ಕೆಳಗೆ ಹೊಸ ಅಣೆಕಟ್ಟಿನ ನೀರು ನಿಂತಿತ್ತು. ಅದರಿಂದ ಸುತ್ತಲಿನ ಗಾಳಿ ಎಷ್ಟು ತೇವವಾಗುತ್ತದೆ, ಆ ತೇವಕ್ಕೆ ಹತ್ತಿಗೆ ಹುಳ ಬೀಳುವುದು ಯಾವಾಗ, ಜೋಳಕ್ಕೆ ರೋಗ ಬರುವುದು ಯಾವಾಗ ಎಂದು ತಿಳಿಯಲು ಸರಕಾರ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದಲ್ಲಿ ಒಂದೊಂದು ಬಿಳಿ ಮರದ ಪೆಟ್ಟಿಗೆ ನಿಲ್ಲಿಸಿತು. ಕಾಲಿನ ಮೇಲೆ ನಿಂತ, ನಾಲ್ಕೂ ಕಡೆ ಗಾಳಿಯಾಡಲು ಸೀಳುಗಳಿದ್ದ ಪೆಟ್ಟಿಗೆಗಳು. ಬಸ್ಸಿನಲ್ಲಿ ಊರೂರು ತಿರುಗಿ ಅವನ್ನು ನೋಡಿಕೊಳ್ಳುವುದು ನನ್ನ ಕೆಲಸ. ನೌಕರಿ ತಾತ್ಕಾಲಿಕ. ಆದರೆ ಸವದತ್ತಿ ಬಸ್‌ಸ್ಟ್ಯಾಂಡಿನಲ್ಲಿ ಕೈಚೀಲ ಹಿಡಿದು ಒಬ್ಬಳೇ ನಿಂತ ಮೊದಲ ಬೆಳಗಿನ ಸಂತೋಷವನ್ನು ನಾನು ಇವತ್ತಿಗೂ ಯಾವ ಹಬ್ಬಕ್ಕೂ ಬದಲು ಕೊಡಲಾರೆ.

ಪೆಟ್ಟಿಗೆಯೊಳಗಿನ ಮುಖ್ಯ ಯಂತ್ರದ ಜೀವವೆಲ್ಲ ಕೂದಲಿನಲ್ಲಿತ್ತು. ಮನುಷ್ಯರ ತಲೆಕೂದಲು. ಗಾಳಿ ತೇವವಾದರೆ ಕೂದಲು ತುಸು ಉದ್ದವಾಗುತ್ತದೆ, ಒಣಗಿದರೆ ಗಿಡ್ಡವಾಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಆ ವ್ಯತ್ಯಾಸವನ್ನು ಸನ್ನೆಕೋಲೊಂದು ದೊಡ್ಡದು ಮಾಡಿ ಪೆನ್ನಿಗೆ ಮುಟ್ಟಿಸುತ್ತದೆ. ಗಡಿಯಾರದ ಕೀಲಿಯಿಂದ ತಿರುಗುವ ಡಬ್ಬಿಯ ಮೇಲೆ ಕಾಗದ ಸುತ್ತಿರುತ್ತದೆ. ಪೆನ್ನು ಅದರ ಮೇಲೆ ಹಗಲು ರಾತ್ರಿ ಗೆರೆ ಎಳೆಯುತ್ತ ಹೋಗುತ್ತದೆ. ತೇವ ಹೆಚ್ಚಾದರೆ ಗೆರೆ ಮೇಲೆ, ಕಡಿಮೆಯಾದರೆ ಕೆಳಗೆ. ಯಾರೂ ಪಕ್ಕದಲ್ಲಿ ಕಾಯಬೇಕಿಲ್ಲ, ತಾಸಿಗೊಮ್ಮೆ ಓದಬೇಕಿಲ್ಲ. ಪರದೇಶದಲ್ಲಿ ತಯಾರಾದ ಯಂತ್ರ, ಪರದೇಶದ ಕೂದಲು.

ಆ ಕೂದಲಿಗೆ ನಮ್ಮ ಬಿಸಿಲು ಒಗ್ಗಲಿಲ್ಲ. ಮೊದಲ ಬೇಸಿಗೆಯಲ್ಲೇ ರಾಮದುರ್ಗದ್ದು ಹರಿಯಿತು, ಬೈಲಹೊಂಗಲದ್ದು ಹರಿಯಿತು, ಕಿತ್ತೂರಿನದು ಜೋತುಬಿತ್ತು. ಸವದತ್ತಿಯದು ಹರಿಯದೆ ಉಳಿದರೂ ಸುಳ್ಳು ಹೇಳತೊಡಗಿತು. ರಣಬಿಸಿಲಿನಲ್ಲೂ ಪೆನ್ನು ಮಳೆಗಾಲದ ಹಾಗೆ ಮೇಲೆ ಕೂತಿರುತ್ತಿತ್ತು. ಬದಲಿ ಕೂದಲಿಗೆ ಬರೆದೆ, ಮತ್ತೆ ಬರೆದೆ. ಬಂದದ್ದು ಕೂದಲಲ್ಲ, ಸಾಹೇಬರು. ಮೇಲಿನ ಕಚೇರಿಯಿಂದ ಜೀಪಿನಲ್ಲಿ ಬಂದು, ಪೆಟ್ಟಿಗೆಯ ಬಾಗಿಲು ತೆರೆದು, ಒಂದು ನಿಟ್ಟುಸಿರು ಬಿಟ್ಟು ಮುಚ್ಚಿದರು.

"ಬಾಯಾರ, ಬದಲಿ ಕೂದಲ ಹಡಗಿನ್ಯಾಗ ಬರಬೇಕ್ರಿ. ಯಾವಾಗ ಬರತಾವೋ ನನಗೂ ಗೊತ್ತಿಲ್ಲ. ಮುಂಗಾರಿ ಸುರು ಆಗೋದ್ರೊಳಗ ನಾಲ್ಕೂ ಸರಿ ಆದ್ರ ಇಡೂಣು. ಇಲ್ಲಾಂದ್ರ ಬಿಚ್ಚಿಕೊಂಡ ಹೋಗತೇವಿ. ಸುಳ್ಳ ಬರಿಯೋ ಯಂತ್ರಕ್ಕಿಂತ ಯಂತ್ರ ಇಲ್ಲದ್ದ ಚಲೋ."

"ಯಂತ್ರ ಹೋದ್ರ ನನ್ನ ನೌಕರಿರಿ?"

ಸಾಹೇಬರು ಕೆಟ್ಟವರಲ್ಲ. ಟೊಪ್ಪಿಗೆ ಸರಿಮಾಡಿಕೊಂಡು ಜೀಪಿನ ಕಡೆ ನಡೆದರು. ನನಗೆ ಅರ್ಥವಾಯಿತು. ಸಿಟ್ಟು ನೆತ್ತಿಗೇರಿತು. ಮತ್ತೆ ಹೋಗಿ ಒಲೆ ಮುಂದೆ ಕೂಡಬೇಕೇ ಅನಿಸಿತು. ಮನೆಗೆ ಬರುವ ದಾರಿಯಲ್ಲಿ ನನಗೆ ಕಂಡವರ ತಲೆಗಳೆಲ್ಲ ಕೂದಲಿನ ತಲೆಗಳೇ. ಇಷ್ಟು ಕೂದಲಿರುವ ಊರಿಗೆ ಹಡಗಿನಲ್ಲಿ ಕೂದಲು ಬರಬೇಕೇ ಎಂದು ನನಗೆ ನಾನೇ ಜೋರಾಗಿ ಅಂದುಕೊಂಡೆ. ಎದುರಿಗೆ ಬರುತ್ತಿದ್ದ ತರಕಾರಿಯವಳು ಗಾಬರಿಯಾಗಿ ದಾರಿ ಬಿಟ್ಟಳು.

ನಮ್ಮ ಹಿತ್ತಲ ಗೋಡೆಯಲ್ಲಿ ಒಂದು ಗೂಡಿತ್ತು. ಬಾಚುವಾಗ ಹಣಿಗೆಗೆ ಬಂದ ಕೂದಲನ್ನು ಮನೆಯ ಹೆಂಗಸರು ಬೆರಳಿಗೆ ಸುತ್ತಿ, ಉಂಡೆ ಮಾಡಿ ಅಲ್ಲಿ ತುರುಕುತ್ತಿದ್ದರು. ಸೂಜಿ, ಪಿನ್ನು, ರಿಬ್ಬನ್ನು ಮಾರುವ ಹೆಂಗಸು ಬುಟ್ಟಿ ಹೊತ್ತು ಬಂದಾಗ ಆ ಉಂಡೆಗಳನ್ನು ಕೊಟ್ಟು ಬೇಕಾದ್ದನ್ನು ತೆಗೆದುಕೊಳ್ಳುವ ರೂಢಿ. ನಾನು ಮೊದಲು ಕೈ ಹಾಕಿದ್ದು ಆ ಗೂಡಿಗೆ. ಒಂದು ಉಂಡೆ ಬಿಚ್ಚಲು ಕೂತು ಅರ್ಧ ಹಗಲು ಕಳೆಯಿತು. ಸಿಕ್ಕು ಬಿಡಿಸಿದರೆ ಹರಿಯುತ್ತದೆ, ಹರಿಯದಿದ್ದರೆ ಹಳೆಯ ಎಣ್ಣೆಯ ಜಿಡ್ಡು ಬೆರಳಿಗೆ ಹತ್ತುತ್ತದೆ. ಇದು ಆಗುವ ಕೆಲಸವಲ್ಲ ಎಂದು ಗೊತ್ತಾಯಿತು. ಯಂತ್ರಕ್ಕೆ ಬೇಕಾದದ್ದು ಒಂದೇ ಉದ್ದದ, ನೇರವಾದ, ನಯವಾದ, ಎಣ್ಣೆಯ ಸುಳಿವಿಲ್ಲದ ಕೂದಲು.

ಅಂಥದ್ದು ನನ್ನ ಬೆನ್ನ ಮೇಲೇ ತೂಗಾಡುತ್ತಿತ್ತು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ, ನನ್ನ ಜಡೆ ಸೊಂಟದ ಕೆಳಗೆ ಬರುತ್ತಿತ್ತು, ಕೂದಲು ರೇಷ್ಮೆಯಷ್ಟು ಸಣ್ಣ. ಮದುವೆಯ ಮಾತಿನಲ್ಲಿ ಅತ್ತೆಯವರು ನನ್ನ ಡಿಗ್ರಿಗಿಂತ ಹೆಚ್ಚು ನೋಡಿದ್ದು ಆ ಜಡೆಯನ್ನು. ಅವರು ಪಕ್ಕದ ಊರು ಹೂಲಿಗೆ, ನೆಂಟರ ಮನೆಗೆ ಹೋದ ಹೊತ್ತು ನೋಡಿ, ಕತ್ತಿನ ಹಿಂದೆ ಯಾರಿಗೂ ಕಾಣದ ಜಾಗದಲ್ಲಿ ಒಂದು ಸಣ್ಣ ಕುಚ್ಚು ಕೂದಲು ಕತ್ತರಿಸಿಕೊಂಡೆ. ಒಂದು ಯಂತ್ರಕ್ಕೆ ಸಾಕಾಗುವಷ್ಟು. ಅದನ್ನು ಸೀಗೆಕಾಯಿ ಹಾಕಿ ತೊಳೆದೆ. ಆಮೇಲೆ ದವಾಖಾನೆಯ ಕಂಪೌಂಡರರನ್ನು ಕಾಡಿ ತಂದ ಸ್ಪಿರಿಟ್‌ನಲ್ಲಿ ಅದ್ದಿದೆ. ಮೋಟಾರ್ ಗ್ಯಾರೇಜಿನಿಂದ ತಂದ, ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ಜಾಲಿಸಿದೆ. ಟ್ರಂಕಿನ ಹಿಂದಿನ ಮೊಳೆಗೆ ನೇತುಹಾಕಿ ಒಣಗಲು ಬಿಟ್ಟೆ.

ಅತ್ತೆಯವರು ಬಂದವರೇ ಬಾಗಿಲಲ್ಲಿ ಮೂಗು ಮೇಲೆತ್ತಿದರು.

"ಮನ್ಯಾಗ ಸಾರಾಯಿ ವಾಸನಿ ಯಾಕ ಬರಾಕತ್ತೈತಿ?"

ನನ್ನ ಗಂಡ ಪೇಪರು ಹಿಡಿದು ಅಂಗಳಕ್ಕೆ ಹೋದರು. ನಾನು ಗಾಯಕ್ಕೆ ಹಚ್ಚಿಕೊಂಡ ಔಷಧ ಅಂದೆ. ಅತ್ತೆಯವರು ನನ್ನ ಕೋಣೆಯ ಕಡೆಗೊಮ್ಮೆ ನೋಡಿ ಒಳಗೆ ಹೋದರು.

ಮರುದಿನ ಬೆಳಿಗ್ಗೆ ಕೂದಲಿನ ಕಟ್ಟನ್ನು ಕಾಗದದಲ್ಲಿ ಸುತ್ತಿಕೊಂಡು ಕಟಕೋಳದ ಮೇಲೆ ಹಾಯ್ದು ಹೋಗುವ ಬಸ್ಸಿನಲ್ಲಿ ರಾಮದುರ್ಗಕ್ಕೆ ಹೋದೆ. ನಾಲ್ಕೂ ಊರುಗಳಲ್ಲಿ ಹೆಚ್ಚು ಒಣಗಿದ ಗಾಳಿ ಅಲ್ಲಿಯದು. ಅಲ್ಲಿ ನಡೆದರೆ ಎಲ್ಲ ಕಡೆಯೂ ನಡೆಯುತ್ತದೆ ಎಂಬ ಲೆಕ್ಕ. ಚಿಮಟಿಗೆಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಕೂದಲು ಕೂಡಿಸಿದೆ. ಪಕ್ಕದಲ್ಲಿ ಎರಡು ಥರ್ಮಾಮೀಟರುಗಳಿದ್ದವು. ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿರುತ್ತದೆ. ಎರಡರ ನಡುವಿನ ಅಂತರ ನೋಡಿ ಗಾಳಿಯ ತೇವ ಎಷ್ಟೆಂದು ಲೆಕ್ಕ ಹಾಕಬಹುದು. ಅದಕ್ಕೆ ಪೆನ್ನನ್ನು ಹೊಂದಿಸಿ ಕಾಯುತ್ತ ಕೂತೆ. ಬಿಸಿಲೇರಿತು. ಥರ್ಮಾಮೀಟರುಗಳ ಲೆಕ್ಕದಲ್ಲಿ ತೇವ ಅರ್ಧಕ್ಕಿಳಿಯಿತು. ಪೆನ್ನು ಮಾತ್ರ ಕೂತಲ್ಲಿಂದ ಏಳದ ಹೋರಿಯಂತೆ ಇದ್ದಲ್ಲೇ ಇತ್ತು. ಯಂತ್ರಕ್ಕೇ ಒಂದು ಒದ್ದೆ ಬಟ್ಟೆ ಮುಚ್ಚಿದೆ, ತೆಗೆದೆ. ಅದೇ ಗೆರೆ. ಕೊನೆಗೆ ಕೂದಲನ್ನು ಬಿಚ್ಚಿ ಮೂಗಿನ ಹತ್ತಿರ ಹಿಡಿದಾಗ ಸಣ್ಣಗೆ, ಬಹಳ ಸಣ್ಣಗೆ, ಕೊಬ್ಬರಿ ಎಣ್ಣೆಯ ವಾಸನೆ ಬಂತು.

ಬಸ್ಸಿನಲ್ಲಿ ವಾಪಸು ಬರುವ ತನಕ ಹಲ್ಲು ಕಚ್ಚಿಕೊಂಡಿದ್ದೆ. ಅತ್ತೆಯವರು ಪಡಸಾಲೆಯಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು.

"ಅತ್ತಿ, ಈ ಕೂದಲ ಯಾರರ ಮುಟ್ಟಿದ್ರೇನ್ರಿ?"

"ನಾನ ಮುಟ್ಟೀನಿ. ಯಾಕ?"

"ಮುಟ್ಟಿ ಏನ ಮಾಡಿದ್ರಿ?"

"ಏನ ಮಾಡತಾರ? ಒಂದ ಹನಿ ಎಣ್ಣಿ ಹಚ್ಚಿ, ನೀವಿ, ಇದ್ದಲ್ಲೇ ಇಟ್ಟೀನಿ. ಒಣಾ ಕೂದಲ ಮನ್ಯಾಗ ತೂಗಾಡಾಕತ್ತಿದ್ದು ನೋಡಾಕ ಆಗಲಿಲ್ಲ. ಗುಡ್ಡದ ದೇವಿಗೆ ಹರಕಿ ಹೊತ್ತೀ ಏನೋ, ಬಾಯಿಬಿಟ್ಟ ಕೇಳಬಾರದು ಅಂತ ಸುಮ್ಮನಿದ್ನಿ. ಹರಕಿ ಕೂದಲ ಆದ್ರೂ ಒಣಾ ಇರಬಾರದಬೇ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಬಿಟ್ಟು ಕೂಗಾಡಿದೆ. "ಇದು ಹರಕಿ ಅಲ್ರಿ ಅತ್ತಿ, ನನ್ನ ನೌಕರಿ! ಎಣ್ಣಿ ಹತ್ತಿದ ಕೂದಲಕ್ಕ ಗಾಳಿ ತಾಗೂದಿಲ್ಲ. ನಿಮ್ಮ ಒಂದ ಹನಿಗೆ ನನ್ನ ಯಂತ್ರ ಸತ್ತ ಕುಂತತಿ!"

ಅತ್ತೆಯವರ ಕೈಯಲ್ಲಿದ್ದ ಮೊರ ನಿಂತಿತು. ಹರಕೆಯಲ್ಲ, ನೌಕರಿಗಾಗಿ ಸೊಸೆ ತಲೆಗೆ ಕತ್ತರಿ ಹಾಕಿಕೊಂಡಿದ್ದಾಳೆ ಎಂದು ಆಗ ಅವರಿಗೆ ತಿಳಿಯಿತು. "ನನ್ನ ಮಗ ಕಲ್ಲಿನಂಗ ಗಟ್ಟಿ ಅದಾನ. ಅವ ಇರೂ ಮುಂದ ಗಂಡ ಸತ್ತಾಕಿ ಹಂಗ ಕತ್ತರಿ ಹಚ್ಚಕೊಂಡ್ಯಾ?" ಎಂದವರೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಕಲ್ಲಿನಂಥ ಅವರ ಮಗ ಅಂಗಳದಲ್ಲಿ ಹಿಂದಿನ ದಿನದ ಪೇಪರನ್ನೇ ಮತ್ತೆ ಓದುತ್ತಿದ್ದರು.

ಅವರ ಅಳು ನೋಡಿ ನನ್ನ ಸಿಟ್ಟು ಇಳಿಯಲಿಲ್ಲ, ಬೇರೆ ದಾರಿ ಹಿಡಿಯಿತು. ಅವರೆದುರಿಗೇ ಆ ಕೂದಲನ್ನು ಮತ್ತೆ ಸ್ಪಿರಿಟ್‌ನಲ್ಲಿ ತೊಳೆದೆ, ನೀರಿನಲ್ಲಿ ಜಾಲಿಸಿದೆ, ಒಣಗುವ ತನಕ ಪಕ್ಕದಲ್ಲೇ ಕಾದೆ. ಆಮೇಲೆ ಅವರ ಕೈ ಹಿಡಿದು ಎಬ್ಬಿಸಿದೆ. "ಬರ್ರಿ ಅತ್ತಿ. ನಾ ಏನ ಮಾಡತೇನಿ ಅಂತ ಒಂದ ಸಲ ಕಣ್ಣಿಲೆ ನೋಡ್ರಿ. ಆಮ್ಯಾಲ ಬೈರಿ." ಸವದತ್ತಿಯ ಪೆಟ್ಟಿಗೆ ನಮ್ಮ ಮನೆಯಿಂದ ನಡೆದುಹೋಗುವಷ್ಟು ಹತ್ತಿರ, ಒಂದು ಸರಕಾರಿ ಕಟ್ಟಡದ ಹಿಂದಿನ ಬಯಲಿನಲ್ಲಿತ್ತು. ನಾನು ಸುಳ್ಳು ಹೇಳುತ್ತಿದ್ದ ಹಳೆಯ ಕೂದಲನ್ನು ಕಿತ್ತು, ನನ್ನದನ್ನು ಕೂಡಿಸಿದೆ.

ಹೊತ್ತು ಇಳಿದಿದ್ದರೂ ಸುಡುಬಿಸಿಲು. ಪೆನ್ನು ಮೊದಲು ಸುಮ್ಮನಿತ್ತು. ಆಮೇಲೆ ನೋಡುನೋಡುತ್ತಿದ್ದಂತೆ ಕೆಳಗಿಳಿಯತೊಡಗಿತು. ಇಳಿದು, ಇಳಿದು, ಥರ್ಮಾಮೀಟರುಗಳ ಲೆಕ್ಕ ಹೇಳಿದಲ್ಲಿಗೆ ಬಂದು ನಿಂತಿತು.

"ಅತ್ತಿ, ಈಗ ಬಾಯಿ ಹತ್ರ ತಂದ ಉಸರ ಬಿಡ್ರಿ."

ಅವರು ಅನುಮಾನದಿಂದಲೇ ಬಗ್ಗಿ, ಮಗುವಿನ ಕಣ್ಣಿಗೆ ಬಿದ್ದ ಕಸ ಊದುವ ಹಾಗೆ ಕೂದಲಿನ ಮೇಲೆ ಉಸಿರು ಬಿಟ್ಟರು. ಪೆನ್ನು ಮೆಲ್ಲಗೆ ಮೇಲೆದ್ದಿತು. ಅವರು ಹಿಂದೆ ಸರಿದರು, ಪೆನ್ನು ಇಳಿಯಿತು. ಮತ್ತೆ ಊದಿದರು, ಮತ್ತೆ ಎದ್ದಿತು. ಕತ್ತರಿಸಿದ ಕೂದಲು ಸತ್ತದ್ದು ಎಂದು ಹುಟ್ಟಿದಂದಿನಿಂದ ನಂಬಿದ್ದ ಹೆಂಗಸು ಬಾಯಿ ತೆರೆದು ನಿಂತುಬಿಟ್ಟರು.

"ಇದು ಇನ್ನೂ ಜೀವ ಹಿಡದೈತಲ್ಲಬೇ!"

ಎಷ್ಟೋ ಹೊತ್ತು ನೋಡಿದ ಮೇಲೆ ಕೇಳಿದರು, "ಇಂಥಾವು ಎಷ್ಟ ಊರಾಗ ಅದಾವ?"

"ನಾಲ್ಕ ಊರಾಗ್ರಿ."

"ನೀ ಕತ್ತರಿಸಿಕೊಂಡದ್ದ ನಾಲ್ಕಕ್ಕೂ ಸಾಕೇನ?"

"ಇಲ್ರಿ. ಇದೊಂದಕ್ಕ ಆತು. ಮುಂದ ಹರದ್ರ ಮತ್ತ ಬೇಕಾಗತಾವ."

ಮನೆಗೆ ಬಂದು, ಕೈಕಾಲು ತೊಳೆದುಕೊಂಡು, ದೇವರಿಗೆ ದೀಪ ಹಚ್ಚಿ, ಅತ್ತೆಯವರು ನನ್ನನ್ನು ಹಿತ್ತಲ ಕಟ್ಟೆಯ ಮೇಲೆ ಕೂಡಿಸಿದರು. ಜಡೆ ಬಿಚ್ಚಿ ಹಣಿಗೆ ಹಾಕಿ ಬಾಚಿದರು. ಕತ್ತರಿ ಅವರ ಕೈಯಲ್ಲೇ ಇತ್ತು. "ಕದ್ದ ಕತ್ತರಿಸಿಕೊಂಡ್ರ ಸೊಟ್ಟ ಆಗತೈತಿ. ಸೀದಾ ಕುಂಡ್ರು," ಎಂದು ಹೇಳಿ, ಕುತ್ತಿಗೆಯ ಮಟ್ಟಕ್ಕೆ ಒಂದೇ ಸಮ ಕತ್ತರಿಸಿದರು. ತಲೆ ಎಷ್ಟು ಹಗುರವಾಯಿತೆಂದರೆ ನನಗೆ ಎದ್ದು ಕುಣಿಯಬೇಕೆನಿಸಿತು. ಅವರಿಗೆ ಅಷ್ಟು ಸಂತೋಷವಿರಲಿಲ್ಲ. ಮರುದಿನ ಸೂಜಿ ಮಾರುವವಳು ಬಂದಾಗ ಗೂಡಿನಲ್ಲಿದ್ದ ಉಂಡೆಗಳನ್ನೆಲ್ಲ ಕೊಟ್ಟು ಒಂದು ಚೌರಿ ತೆಗೆದುಕೊಂಡರು. ಅಂದರೆ ಬೇರೆಯವರ ಕೂದಲಿನಿಂದ ಕಟ್ಟಿದ ಗಂಟು ಜಡೆ. ಅದನ್ನು ನನ್ನ ಮೋಟು ಕೂದಲಿಗೆ ಬಿಗಿದು, ಮೇಲೆ ಸೆರಗು ಎಳೆದು, ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು. "ಯಾರ ಮುಂದನೂ ಸೆರಗ ತಗೀಬ್ಯಾಡ. ಊರಾಗ ಗೊತ್ತಾದ್ರ ನಾ ತಲಿ ಎತ್ತಿ ತಿರಗಾಕಾಗೂದಿಲ್ಲ." ಆಗಲಿ ಎಂದು ಮಾತು ಕೊಟ್ಟೆ.

ಕತ್ತರಿಸಿದ ನನ್ನ ಕೂದಲನ್ನು ತೊಳೆದು ಒಣಗಿಸುವಾಗ ಕಾವಲು ಕೂತವರೂ ಅವರೇ. ಎಣ್ಣೆ ಕೈಯವರನ್ನು ಹತ್ತಿರ ಬಿಡಲಿಲ್ಲ. ತಾವು ಒಗ್ಗರಣೆ ಹಾಕಿ ಬಂದರೆ ದೂರದಿಂದಲೇ ನೋಡುತ್ತಿದ್ದರು.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಕಾಲಿಗೆ ಹುರುಪು ಬರುತ್ತದೆ. ಉಳಿದ ಮೂರು ಊರುಗಳ ಯಂತ್ರಗಳಿಗೂ ನನ್ನ ಕೂದಲು ಕೂಡಿಸಿದೆ. ಕೂಡಿಸಿದರೆ ಸಾಲದು, ಅದು ಬಾಳಬೇಕು. ರಾಮದುರ್ಗದ ಪೆಟ್ಟಿಗೆ ದನದ ಕೊಟ್ಟಿಗೆಯ ಪಕ್ಕದಲ್ಲಿತ್ತು; ಗಂಜಲದ ಘಾಟಿಗೆ ಕೂದಲು ಬೇಗ ಹಾಳಾಗುತ್ತದೆ. ಜಗಳ ಮಾಡಿ ಅದನ್ನು ಗಾಳಿ ಬರುವ ಬಯಲಿಗೆ ಸಾಗಿಸಿದೆ. ಬೈಲಹೊಂಗಲದಲ್ಲಿ ಅರಳೆಯ ಧೂಳು ಹಾರಿ ಬಂದು ಕೂದಲಿಗೆ ಮೆತ್ತಿಕೊಳ್ಳುತ್ತಿತ್ತು. ಚಿತ್ರ ಬರೆಯುವ ಮೆತ್ತನೆಯ ಕುಂಚ ಮತ್ತು ಬ್ಯಾಟರಿ ನೀರು ಒಯ್ದು ವಾರ ವಾರ ತೊಳೆಯುವ ರೂಢಿ ಹಾಕಿದೆ. ತೊಳೆದಾಗೊಮ್ಮೆ ನೀರು ಕುಡಿದ ಕೂದಲು ಬಿಸಿಲಿನ ಬಡಿತವನ್ನೂ ತಡೆದುಕೊಳ್ಳುತ್ತಿತ್ತು. ಕಿತ್ತೂರಿನದು ವಿಚಿತ್ರ. ಎಲ್ಲ ಸರಿಯಿದ್ದರೂ ದಿನಾಲು ಬೆಳಿಗ್ಗೆ ಒಂದೇ ಹೊತ್ತಿಗೆ ಪೆನ್ನು ಗಕ್ಕನೆ ಮೇಲೇರಿ ಇಳಿಯುತ್ತಿತ್ತು. ಹೋಗಿ ಅಡಗಿ ನಿಂತು ನೋಡಿದರೆ, ಕಾವಲುಗಾರ ತನ್ನ ಬಿಸಿ ರೊಟ್ಟಿಯ ಗಂಟನ್ನು ಇರುವೆಗೆ ಹೆದರಿ ಪೆಟ್ಟಿಗೆಯೊಳಗೆ ಇಡುತ್ತಿದ್ದ.

"ಎತ್ತರಕ್ಕೈತಿ, ನೆರಳೈತಿ, ಗಾಳಿ ಆಡತೈತಿ. ಸರಕಾರ ಬುತ್ತಿ ಇಡಾಕ ಮಾಡಿಸೈತಿ ಅಂತ ತಿಳದಿದ್ನಿರಿ ಬಾಯಾರ," ಅಂದ.

ಅವನನ್ನು ಬೈಯಲು ಬಾಯಿ ಬರಲಿಲ್ಲ. ಬುತ್ತಿಗೆ ಬೇರೆ ಗೂಟ ಹೊಡೆಸಿಕೊಟ್ಟೆ. ಅಂದಿನಿಂದ ಕಿತ್ತೂರಿನ ಗೆರೆ ನೀಟಾಯಿತು.

ಸವದತ್ತಿಯ ಯಂತ್ರ ಅತ್ತೆಯವರ ಮೇಲ್ವಿಚಾರಣೆಗೆ ಬಂತು. ಹಪ್ಪಳ ಒಣಹಾಕುವ ಮೊದಲು ನನ್ನನ್ನು ಕೇಳುತ್ತಿದ್ದರು, "ಕೂದಲ ಇವತ್ತ ಏನಂತಾವ?" ಪೆನ್ನು ಏರುತ್ತಿದೆ ಅಂದರೆ ಹಿಟ್ಟು ಕಲಸುತ್ತಿರಲಿಲ್ಲ.

ಮುಂಗಾರಿನ ಮೋಡಗಳು ಗುಡ್ಡದ ಮೇಲೆ ಕಾಣಿಸಿಕೊಳ್ಳುವ ಹೊತ್ತಿಗೆ ಸಾಹೇಬರ ಜೀಪು ಬಂತು. ಕಿತ್ತೂರು, ಬೈಲಹೊಂಗಲ, ರಾಮದುರ್ಗ ಮುಗಿಸಿ ಕೊನೆಗೆ ಸವದತ್ತಿಗೆ ಬಂದಿದ್ದರು. ಅಲ್ಲಿ ಏನು ಕಂಡರೆಂದು ಒಂದು ಮಾತೂ ಆಡಲಿಲ್ಲ. ಯಂತ್ರಗಳನ್ನು ತುಂಬಿಕೊಂಡು ಒಯ್ಯಲು ತಂದ ಖಾಲಿ ಮರದ ಖೋಕೆಗಳು ಜೀಪಿನ ಹಿಂದೆ ಕಾಣುತ್ತಿದ್ದವು. ಅತ್ತೆಯವರು ಮಧ್ಯಾಹ್ನದ ಬುತ್ತಿ ಕೊಡುವ ನೆಪದಲ್ಲಿ ಬಂದು ಬೇವಿನ ಮರದ ಕೆಳಗೆ ನಿಂತಿದ್ದರು. ಸಾಹೇಬರು ಹಿಡಿಕೆಯಿದ್ದ ಎರಡು ಥರ್ಮಾಮೀಟರುಗಳ ಚೌಕಟ್ಟೊಂದನ್ನು ಗಿರಗಿಟ್ಟಲೆಯಂತೆ ಗಾಳಿಯಲ್ಲಿ ತಿರುಗಿಸಿದರು. ಹಾದಿಯಲ್ಲಿ ಹೋಗುವವರು ನಿಂತು ನೋಡತೊಡಗಿದರು. ಸಾಹೇಬರು ಲೆಕ್ಕ ಹಾಕಿದರು, ಪೆನ್ನು ನೋಡಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ತಿರುಗಿಸಿದರು, ಇನ್ನೊಮ್ಮೆ ನೋಡಿದರು.

"ನಾಲ್ಕೂ ಕಡೆ ಹಿಂಗ ಐತ್ರಿ ಬಾಯಾರ," ಎಂದರು ಕೊನೆಗೆ. "ಹೊಸಾ ಯಂತ್ರನೂ ಇಷ್ಟ ಖರೇ ಹೇಳೂದಿಲ್ಲ. ಆದ್ರ ಕೂದಲ ಹಡಗಿನ್ಯಾಗ ಇನ್ನೂ ಬಂದಿಲ್ಲ, ನನಗ ಗೊತ್ತೈತಿ. ಇವನ್ನ ಎಲ್ಲಿಂದ ತರಿಸಿದ್ರಿ? ಎಲ್ಲಿವು ಅಂತ ತಿಳೀದ ನನಗ ಮ್ಯಾಲ ಬರಿಯಾಕ ಬರೂದಿಲ್ಲ."

ಸುತ್ತಲೂ ಊರಿನ ಮಂದಿ. ಅತ್ತೆಯವರಿಗೆ ಮಾತು ಕೊಟ್ಟಿದ್ದೆ. ಹೇಳದಿದ್ದರೆ ಖೋಕೆಗಳು ತುಂಬುತ್ತವೆ. ಹೇಳಿದರೆ ಅತ್ತೆಯವರು ಊರಲ್ಲಿ ತಲೆ ಎತ್ತಲಾರರು. ನಾನು ಬೇವಿನ ಮರದ ಕಡೆ ತಿರುಗಿ ನೋಡಿದೆ.

ಬೇವಿನ ಮರದ ಕೆಳಗಿನಿಂದ ಬಳೆಗಳ ಸದ್ದು ಹತ್ತಿರ ಬಂತು. ಅತ್ತೆಯವರು ಬುತ್ತಿಯನ್ನು ನೆಲಕ್ಕಿಟ್ಟು, ತಮ್ಮ ತಲೆಯ ಸೆರಗನ್ನು ಬಿಗಿ ಮಾಡಿಕೊಂಡು ನೇರ ನನ್ನ ಬೆನ್ನ ಹಿಂದೆ ಬಂದು ನಿಂತರು. ಅವರ ಕೈ ನನ್ನ ನೆತ್ತಿಯ ಮೇಲೆ ಬಂದದ್ದು ಗೊತ್ತಾಯಿತು. ಮರುಕ್ಷಣ ನನ್ನ ಸೆರಗು ಹೆಗಲಿಗೆ ಬಿತ್ತು. ಚೌರಿ ಕಳಚಿ ಅವರ ಕೈಗೆ ಹೋಯಿತು. ಮಳೆಗೆ ಮುಂಚಿನ ತಂಪು ಗಾಳಿ ನನ್ನ ಬರಿಯ ಕುತ್ತಿಗೆಗೆ ತಾಗಿತು.

"ನೋಡ್ರಿ ಸಾಹೇಬ್ರ, ಇಲ್ಲಿಂದ ಬಂದಾವ," ಎಂದರು ಅತ್ತೆಯವರು, ಹಾದಿಯ ಆಚೆಯ ಅಂಗಡಿಯವರಿಗೂ ಕೇಳುವಂತೆ. "ಹಡಗಿನ್ಯಾಗ ಅಲ್ಲ. ನಮ್ಮ ಸೊಸಿ ತಲಿಯಿಂದ. ಕತ್ತರಿಸಿದಾಕಿ ನಾ. ಬರಕೋರಿ."

ಸಾಹೇಬರು ಟೊಪ್ಪಿಗೆ ತೆಗೆದರು. ಯಾರಿಗೆಂದು ಗೊತ್ತಿಲ್ಲ, ನನಗೋ, ಅತ್ತೆಯವರಿಗೋ, ಪೆಟ್ಟಿಗೆಗೋ. ಡ್ರೈವರನಿಗೆ ಕೈಸನ್ನೆ ಮಾಡಿದರು. ಅವನು ಖೋಕೆಗಳ ಮೇಲೆ ತಾಡಪತ್ರಿ ಹೊದಿಸಿದ.

ನಾನು ರೂಢಿಯಂತೆ ಸೆರಗಿಗೆ ಕೈ ಹಾಕಿದೆ. ಅತ್ತೆಯವರು ನನ್ನ ಕೈಯನ್ನು ಮೆಲ್ಲಗೆ ಸರಿಸಿದರು.

"ಇರಲಿ ಬಿಡು," ಎಂದರು. "ನೋಡಲಿ ಮಂದಿ."

ಪೆಟ್ಟಿಗೆಯ ತೆರೆದ ಬಾಗಿಲಲ್ಲಿ ಪೆನ್ನು ಮೇಲೇರುತ್ತಿತ್ತು. ಗುಡ್ಡದ ಕಡೆಯಿಂದ ಮೊದಲ ಹನಿಗಳು ಬಂದವು. ಪೆಟ್ಟಿಗೆಯ ಬಾಗಿಲು ಮುಚ್ಚಿ, ನಾವಿಬ್ಬರೂ ಬುತ್ತಿ ಎತ್ತಿಕೊಂಡು, ತೊಯ್ಯುತ್ತಲೇ ಮನೆಗೆ ನಡೆದೆವು. ಚೌರಿ ಅವರ ಕೈಯಲ್ಲೇ ಇತ್ತು.